ಕನ್ನಡ ಮಾತಾಡಿದ ಅಂತ ನಂಬಿದೆ: ಗೋವಾದಲ್ಲಿ ದ್ವೀಪದ ಪ್ಯಾಕೇಜ್ ತಗೊಳ್ಳುವ ಮುಂಚೆ ಇದನ್ನ ಓದಿ

ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ನಾನು ಗೋವಾಕ್ಕೆ ನಿನ್ನೆ ಮೊನ್ನೆ ಬಂದವನಲ್ಲ. ಹನ್ನೊಂದು ವರ್ಷದಿಂದ ವಾಸ್ಕೋದಲ್ಲಿದ್ದೇನೆ, ವೆರ್ಣಾದ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಊರಿಂದ ಯಾರೇ ಬರ್ತೀವಿ ಅಂದರೂ ‘ಬೀಚಲ್ಲಿ ಏಜೆಂಟರ ಜೊತೆ ಮಾತಾಡಲೇಬೇಡಿ’ ಅಂತ ಬುದ್ಧಿ ಹೇಳುವವನು ನಾನೇ. ಅಂಥ ನನಗೆ 18,050 ರೂಪಾಯಿ ಟೋಪಿ ಬಿತ್ತು. ಅದೂ ಹೆಂಡತಿಯ ತವರಿನವರ ಎದುರಿಗೆ. ಅದೂ ನಮ್ಮ ಮನೆಯ ಹಿಂದಿನ ಸಮುದ್ರದಲ್ಲಿ.

ಜನವರಿಯಲ್ಲಿ ಗದಗಿನಿಂದ ಅತ್ತೆ, ಭಾವ, ವೈನಿ, ಅವರ ಇಬ್ಬರು ಮಕ್ಕಳು ಬಂದಿದ್ದರು. ಹುಡುಗನಿಗೆ ಹದಿನಾಲ್ಕು, ಹುಡುಗಿಗೆ ಒಂಬತ್ತು. ಭಾನುವಾರ ಕಲಂಗುಟ್‌ಗೆ ಕರೆದುಕೊಂಡು ಹೋದೆ. ಬೀಚಿಗೆ ಇಳಿಯುವ ರಸ್ತೆಯಲ್ಲಿ ಛತ್ರಿ, ಮಡಚುವ ಟೇಬಲ್ಲು, ಮೇಲೆ ಲ್ಯಾಮಿನೇಟ್ ಮಾಡಿದ ಫೋಟೋಗಳು. ಇಂಥವು ಸಾಲುಸಾಲು ಇರುತ್ತವೆ, ನಾನು ತಿರುಗಿಯೂ ನೋಡುವುದಿಲ್ಲ. ಆದರೆ ಹಿಂದಿನಿಂದ ದನಿ ಬಂತು: ‘ಯಾವೂರ್ರೀ ಯಜಮಾನ್ರ? ಹುಬ್ಬಳ್ಳಿ ಕಡಿಯವ್ರೇನು?’

ಅಷ್ಟೇ. ಅಲ್ಲಿಗೆ ನನ್ನ ಕತೆ ಮುಗಿಯಿತು.

ಭಾವ ನಿಂತೇಬಿಟ್ಟರು. ಅವನು ಬಾಗಲಕೋಟೆ ಕಡೆಯವನಂತೆ. ಅತ್ತೆಗೆ ಕುರ್ಚಿ ಹಾಕಿಕೊಟ್ಟ, ಮಕ್ಕಳಿಗೆ ನೀರು ಕೊಟ್ಟ. ಎರಡು ದಿನದ ಪ್ಯಾಕೇಜು. ಮೊದಲ ದಿನ ಹಳೇ ಗೋವಾ ಮತ್ತು ‘ಹೆರಿಟೇಜ್ ದ್ವೀಪ ಬೋಟ್ ಸವಾರಿ’, ತಲೆಗೆ 950. ಎರಡನೇ ದಿನ ಗ್ರಾಂದೆ ದ್ವೀಪ: ಸ್ಕೂಬಾ, ಸ್ನಾರ್ಕೆಲಿಂಗ್, ಡಾಲ್ಫಿನ್, ಊಟ, ವಿಡಿಯೋ, ‘ಎಲ್ಲಾ ಸೇರಿ’ ತಲೆಗೆ 1,900. ನಾನು ಸ್ವಲ್ಪ ಎಳೆದಾಡಿದೆ. ಅವನು ಎದೆ ಮೇಲೆ ಕೈ ಇಟ್ಟುಕೊಂಡು, ‘ನಮ್ಮ ಮಂದಿಗೇ ಮೋಸ ಮಾಡಿ ನಾ ಎಲ್ಲಿ ಹೋಗ್ಲಿರೀ?’ ಅಂದ. ಅತ್ತೆ ನನ್ನ ಮುಖ ನೋಡಿದರು. ಜಿಪುಣ ಅಂದುಕೊಂಡಾರು ಅಂತ ಅಲ್ಲೇ 10,000 ಯುಪಿಐ ಮಾಡಿದೆ. ಪರದೆ ಮೇಲೆ ಬಂದ ಹೆಸರು ಬೇರೆ ಯಾರದ್ದೋ. ಕೇಳಿದೆ. ‘ನಮ್ಮ ಸೇಠ್‌ದು ರೀ’ ಅಂದ. ಬಿಲ್ ಕೇಳಿದೆ. ‘ವಾಟ್ಸಾಪಿಗೆ ಹಾಕ್ತೇನ್ರೀ’ ಅಂದ. ಹಾಕಿದ ಕೂಡ, ಪಟ್ಟಿ ಸಮೇತ: ಗಾಡಿ ಮತ್ತು ಊಟ 450, ಚರ್ಚ್ ಪ್ರವೇಶ 150, ದ್ವೀಪ ಬೋಟ್ 350. ನಾನು ಓದಲಿಲ್ಲ. ನಿಜವಾಗಿಯೂ ಓದಲಿಲ್ಲ. ಓದಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಮೊದಲ ದಿನ ನನಗೆ ಡ್ಯೂಟಿ ಇತ್ತು, ಹೆಂಡತಿಗೂ ರಜೆ ಇರಲಿಲ್ಲ. ಅವರೈದು ಜನ ಹೋಗಿ ಬಂದರು. ರಾತ್ರಿ ಊಟಕ್ಕೆ ಕೂತಾಗ ‘ಹೆಂಗಿತ್ತು?’ ಅಂದೆ. ಬಾಮ್ ಜೀಸಸ್ ಚರ್ಚಿನಲ್ಲಿ ಹತ್ತು ನಿಮಿಷ, ಗೋಡಂಬಿ ಅಂಗಡಿಯಲ್ಲಿ ಮುಕ್ಕಾಲು ಗಂಟೆ. ಊಟ ಅಂದರೆ ಭಾಜಿ ಪಾವ್. ಗೈಡ್ ಅಂದರೆ ಡ್ರೈವರೇ. ಇದೆಲ್ಲ ಮಾಮೂಲಿ ಅಂತ ಸುಮ್ಮನಿದ್ದೆ. ‘ಬೋಟು?’ ಅಂದೆ.

ಅತ್ತೆ ಖುಷಿಯಿಂದ ಶುರು ಮಾಡಿದರು. ‘ಅಯ್ಯ, ಭಾಳ ದೊಡ್ಡ ಬೋಟ್ ಅಳಿಯಂದ್ರ. ಮೋಟರ್ ಸೈಕಲ್ ಬಂದ್ವು, ಕಾರ್ ಬಂದ್ವು, ಮೀನಿನ ಬುಟ್ಟಿ ಹೊತ್ತ ಹೆಣಮಕ್ಕಳು ಬಂದ್ರು, ಸಾಲಿ ಹುಡುಗೂರು ಬಂದ್ರು. ಕುಂಡ್ರಾಕ ಜಾಗಾನೂ ಕೊಟ್ರು.’

ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಟಿಕೆಟ್ ಕೊಟ್ಟರಾ ಅಂತ ಕೇಳಿದೆ. ‘ಇಲ್ಲಪಾ, ಯಾರೂ ಟಿಕೆಟ್ ಕೇಳಲೇ ಇಲ್ಲ’ ಅಂದರು ಭಾವ.

ಹೇಗೆ ಕೇಳ್ತಾರೆ? ಅದು ಸರ್ಕಾರಿ ಫೆರಿ! ಹಳೇ ಗೋವಾದಿಂದ ದಿವಾರ್ ದ್ವೀಪಕ್ಕೆ ಜನ ದಿನಾ ಓಡಾಡುವ ಫೆರಿ. ನಡೆದುಕೊಂಡು ಹತ್ತುವವರಿಗೆ ಒಂದು ಪೈಸೆ ಇಲ್ಲ. ಫುಕಟ್. ನಾನೇ ಎಷ್ಟು ಸಲ ಹೋಗಿದ್ದೇನೋ. ಅದಕ್ಕೆ ತಲೆಗೆ 350! ಎದ್ದು ಫೋನ್ ತೆಗೆದು ಪಟ್ಟಿ ಓದಿದೆ. ಚರ್ಚ್ ಪ್ರವೇಶ 150. ಹಳೇ ಗೋವಾದ ಚರ್ಚುಗಳಿಗೂ ಪ್ರವೇಶ ಶುಲ್ಕ ಇಲ್ಲ ಸ್ವಾಮಿ. ಬಾಮ್ ಜೀಸಸ್‌ಗೂ ಇಲ್ಲ, ಎದುರಿನ ಸೆ ಕೆಥೆಡ್ರಲ್‌ಗೂ ಇಲ್ಲ. ಪಕ್ಕದ ಮ್ಯೂಸಿಯಂಗೆ ಟಿಕೆಟ್ ಇದೆ, ಅಲ್ಲಿಗೆ ಇವರನ್ನು ಕರೆದುಕೊಂಡೇ ಹೋಗಿಲ್ಲ. ಬಾಗಿಲು ತೆರೆದೇ ಇರುವ ಮನೆಗೆ ಒಳಗೆ ಬಿಡ್ತೀನಿ ಅಂತ ದುಡ್ಡು ತಗೊಂಡ ಹಾಗಾಯಿತು. 500 ರೂಪಾಯಿ ತಲೆಗೆ, ಐದು ಜನಕ್ಕೆ 2,500. ಗಾಳಿಗೆ.

ದುಡ್ಡಿಗಿಂತ ಜಾಸ್ತಿ ಉರಿದದ್ದು ಬೇರೆ. ಫೆರಿಗೆ ಹೋಗುವ ದಾರಿಯಲ್ಲೇ ವೈಸರಾಯ್ ಕಮಾನು ಇದೆ. ಹೊಸ ಪೋರ್ಚುಗೀಸ್ ವೈಸರಾಯ್ ಹಡಗಿಂದಿಳಿದು ಅದರಡಿಯಲ್ಲೇ ಊರೊಳಗೆ ಬರುತ್ತಿದ್ದ. ಮೇಲೆ ವಾಸ್ಕೋ ಡ ಗಾಮನ ಮೂರ್ತಿ ಇದೆ. ಹುಡುಗ ಕೇಳಿದರೆ ಡ್ರೈವರ್ ‘ಗೇಟ್ ಹೈ’ ಅಂದನಂತೆ. ಗೇಟ್! 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಈ ಬಂದರನ್ನು ಕಿತ್ತುಕೊಂಡದ್ದು ನಮ್ಮ ವಿಜಯಪುರದ ಆದಿಲ್‌ಶಾಹಿಯಿಂದ. ಆಚೆ ದಡದ ದಿವಾರ್‌ನಲ್ಲಿ ಗೋವಾ ಕದಂಬರ ಮನೆದೇವರು ಸಪ್ತಕೋಟೀಶ್ವರನ ಗುಡಿ ಇತ್ತು. ಆ ದೇವರು ಈಗ ನದಿಯಾಚೆ ನಾರ್ವೆ ಅನ್ನುವ ಹಳ್ಳಿಯಲ್ಲಿದ್ದಾನೆ, ಅಲ್ಲಿಯ ಗುಡಿಯನ್ನು 1668ರಲ್ಲಿ ಶಿವಾಜಿ ಕಟ್ಟಿಸಿಕೊಟ್ಟದ್ದು. ಕಾಲ ಕೆಳಗೆ ಹರಿಯುವ ಮಾಂಡವಿ ಅಂದರೆ ಖಾನಾಪುರದ ಕಾಡಲ್ಲಿ ಹುಟ್ಟುವ ನಮ್ಮ ಮಹದಾಯಿ. ಗದಗಿನಿಂದ ಬಂದ ಮಕ್ಕಳಿಗೆ ಹೇಳಲಿಕ್ಕೆ ಇದಕ್ಕಿಂತ ಇನ್ನೇನು ಬೇಕು? ಆ ಡ್ರೈವರ್ ದಿವಾರ್‌ನಲ್ಲಿ ಇಳಿಸಿ ಚಹಾ ಕುಡಿಸಿ, ಅದೇ ಫೆರಿ ವಾಪಸ್ ಹೊರಟಾಗ ಹತ್ತಿಸಿಕೊಂಡು ಬಂದಿದ್ದಾನೆ.

ರಾತ್ರಿಯೇ ಏಜೆಂಟನಿಗೆ ಫೋನ್ ಹಚ್ಚಿದೆ. ಅವನ ಉತ್ತರ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

‘ಸರ, ಬೋಟ್ ಅಂದ್ರ ಬೋಟ್ ರೀ. ಫೆರಿನೂ ನೀರಾಗ ಹೋಗ್ತೈತಿ.’

ದ್ವೀಪ ಸವಾರಿ ಅಂದಿದ್ದೆಯಲ್ಲಪ್ಪಾ ಅಂದೆ.

‘ದಿವಾರ್ ದ್ವೀಪ ಅಲ್ಲೇನ್ರೀ ಮತ್ತ? ನೀವಾ ಹೇಳ್ರಿ.’

ನಾನೇ ಏನು ಹೇಳಲಿ? ದಿವಾರ್ ದ್ವೀಪವೇ. ಬಾಯಿ ಕಟ್ಟಿತು. ಈಗಲೂ ಸ್ನಾನ ಮಾಡುವಾಗ ಆ ಮಾತು ನೆನಪಾಗಿ ಮೈ ಉರಿಯುತ್ತದೆ. ಚರ್ಚಿನ 150 ಯಾಕೆ ಅಂದರೆ ‘ಅದು ಪಾರ್ಕಿಂಗ್ ರೀ’ ಅಂದ. ಗಾಡಿ ಒಂದೇ, ಪಾರ್ಕಿಂಗ್ ಐದು ಜನಕ್ಕೆ!

ಅಲ್ಲಿಗೇ ನಿಲ್ಲಿಸಬೇಕಿತ್ತು. ಮಕ್ಕಳು ಸ್ಕೂಬಾ ಅಂತ ರಾತ್ರಿಯೆಲ್ಲ ಕುಣಿಯುತ್ತಿದ್ದವು. ಅಡ್ವಾನ್ಸ್ ಬೇರೆ ಹೋಗಿತ್ತು. ಮರುದಿನ ನಾವೂ ಇಬ್ಬರು ರಜೆ ಹಾಕಿ ಏಳು ಜನ ಹೊರಟೆವು.

ಇಲ್ಲಿ ಇನ್ನೊಂದು ದಡ್ಡತನ ಕೇಳಿ. ಗ್ರಾಂದೆ ದ್ವೀಪ ಇರುವುದು ಮುರಗಾಂವ್ ತುದಿಯಾಚೆ, ಅಂದರೆ ನಮ್ಮ ವಾಸ್ಕೋ ಕಡೆಗೆ. ನಮ್ಮ ಮನೆಯಿಂದ ಬೈನಾ ಬೀಚ್ ಹತ್ತು ನಿಮಿಷ, ಅಲ್ಲಿಂದಲೂ ದೋಣಿ ಹೋಗುತ್ತವೆ. ಇವನ ದೋಣಿ ಹೊರಡುವುದು ಪಣಜಿಯಾಚೆ ಮಾಲಿಂ ಜೆಟ್ಟಿಯಿಂದ. ಬೆಳಿಗ್ಗೆ ಆರಕ್ಕೆ ಎದ್ದು, ಜುವಾರಿ ಸೇತುವೆ ದಾಟಿ, ಮಾಂಡವಿ ಸೇತುವೆ ದಾಟಿ, ಮೀನು ಜೆಟ್ಟಿಯಲ್ಲಿ ಒಂದೂವರೆ ಗಂಟೆ ಕಾದು, ಅಲೆಯಲ್ಲಿ ಕುಲುಕಾಡಿಕೊಂಡು ಮತ್ತೆ ವಾಸ್ಕೋ ಕಡೆಗೇ ಬಂದೆವು. ಹೆಂಡತಿ ದಡ ತೋರಿಸಿ, ‘ನಮ್ಮ ಮನಿ ಅಲ್ಲೇ ಐತಿ ನೋಡ್ರಿ’ ಅಂದಳು. ನಾನು ಬೇರೆ ಕಡೆ ನೋಡಿದೆ.

ಜೆಟ್ಟಿಯಲ್ಲಿ ಉಳಿದ 8,050 ಎಣಿಸಿಕೊಂಡರು. ದುಡ್ಡು ಕೈಗೆ ಬಂದ ಮೇಲೆ ನಿಯಮಗಳು ಹೊರಬಂದವು. ಅತ್ತೆಗೆ ಅರವತ್ತನಾಲ್ಕು, ಬಿಪಿ ಇದೆ, ನೀರಿಗಿಳಿಯುವ ಹಾಗಿಲ್ಲ. ಸರಿ, ಅವರು ಇಳಿಯುವವರೂ ಅಲ್ಲ. ಆದರೆ 1,900 ಪೂರ್ತಿ. ಒಂಬತ್ತರ ಹುಡುಗಿಗೆ ಮಾತ್ರ ‘ಚಲ್ತಾ ಹೈ’! ಸಮುದ್ರದಲ್ಲಿ ಡೈವ್ ಮಾಡಿಸಲಿಕ್ಕೆ ಪಾಡಿ (PADI) ಯಂಥ ಡೈವಿಂಗ್ ತರಬೇತಿ ಸಂಸ್ಥೆಗಳು ಇಟ್ಟಿರುವ ಕನಿಷ್ಠ ವಯಸ್ಸು ಹತ್ತು. ಆಸ್ತಮಾ ಇದೆಯಾ, ಹೃದಯದ ತೊಂದರೆ ಇದೆಯಾ ಅಂತ ಮೊದಲು ಫಾರ್ಮ್ ತುಂಬಿಸಬೇಕು, ಕಡಿಮೆ ನೀರಲ್ಲಿ ಉಸಿರಾಟ ಅಭ್ಯಾಸ ಮಾಡಿಸಬೇಕು. ಇಲ್ಲಿ ಒಂದು ಖಾಲಿ ಹಾಳೆ, ಕೆಳಗೆ ಸಹಿ. ನಾನು ಹುಡುಗಿಯನ್ನು ಬಿಡಲಿಲ್ಲ. ಅವಳು ಅತ್ತಳು. ನಾನೇ ಕೆಟ್ಟವನಾದೆ.

ದೋಣಿ ದ್ವೀಪಕ್ಕೆ ಹೋಗಿ ನಿಲ್ಲುತ್ತೆ, ಇಳಿದು ಮರಳಲ್ಲಿ ಆಡಬಹುದು ಅಂತ ಫೋಟೋ ನೋಡಿ ಅಂದುಕೊಂಡಿದ್ದೆವು. ದೋಣಿ ದೂರದಲ್ಲೇ ಲಂಗರು ಹಾಕಿತು. ಹಸಿರು ಗುಡ್ಡ ಕಾಣುತ್ತದೆ, ಅಷ್ಟೇ. ಇಳಿಯುವುದು ಯಾವಾಗ ಅಂದರೆ ದೋಣಿಯ ಹುಡುಗನೊಬ್ಬ ನಕ್ಕ.

ಸ್ಕೂಬಾ ಅಂದರೆ ಇದು. ಸಿಲಿಂಡರ್ ಬೆನ್ನಿಗೆ ಕಟ್ಟಿ, ಹಿಂದಿನಿಂದ ಒಬ್ಬ ಹಿಡಿದುಕೊಂಡು ಹಗ್ಗದ ಗುಂಟ ಕೆಳಗೆ ತಳ್ಳುತ್ತಾನೆ. ಹೆಚ್ಚೆಂದರೆ ಎರಡಾಳು ಆಳ. ಮೊಣಕಾಲೂರಿ ಕೂರಿಸುತ್ತಾನೆ. ಇನ್ನೊಬ್ಬ ಮುಖದ ಮುಂದೆ ಬಿಸ್ಕತ್ತಿನ ಪುಡಿ ಎರಚುತ್ತಾನೆ, ಮೀನು ಮುತ್ತುತ್ತವೆ, ಕ್ಯಾಮೆರಾ ಓಡುತ್ತದೆ. ನೀರು ಬಸಾರಿನ ಹಾಗೆ. ಎರಡು ದೊಡ್ಡ ನದಿಗಳು ಅಲ್ಲೇ ಪಕ್ಕದಲ್ಲಿ ಕಡಲಿಗೆ ಬೀಳುತ್ತವೆ, ನೀರು ತಿಳಿ ಹೇಗಾಗಬೇಕು? ಟೇಬಲ್ ಮೇಲಿನ ಆ ನೀಲಿ ನೀರಿನ, ಬಣ್ಣಬಣ್ಣದ ಹವಳದ ಫೋಟೋ ಯಾವ ದೇಶದ್ದೋ ಏನೋ. ನನ್ನ ವಾಚಲ್ಲಿ ನಾಲ್ಕು ನಿಮಿಷ. ಭಾವನಿಗೆ ಕಿವಿನೋವು ಬಂದು ಎರಡೇ ನಿಮಿಷಕ್ಕೆ ಮೇಲೆ. ಪಕ್ಕದಲ್ಲಿದ್ದ ಹುಡುಗರಿಗೆ ಸಂಜೆ ವಿಮಾನ ಇತ್ತಂತೆ. ಡೈವ್ ಆದ ಮೇಲೆ ಕನಿಷ್ಠ 12 ಗಂಟೆ ವಿಮಾನ ಹತ್ತಬಾರದು ಅನ್ನುತ್ತಾರೆ. ದೋಣಿಯವರು ಒಂದು ಮಾತು ಕೇಳಲಿಲ್ಲ.

ಮೇಲೆ ಬಂದರೆ ವಿಡಿಯೋ. ವಿಡಿಯೋ ಫ್ರೀಯೇ. ಆದರೆ ಅದು ನಿಮ್ಮ ಫೋನಿಗೆ ಬರಬೇಕಾದರೆ ಒಬ್ಬೊಬ್ಬರಿಗೆ 400. ಹುಡುಗನ ಮುಖ ನೋಡಿ ಅವನೊಬ್ಬನದು ತಗೊಂಡೆ. ಹದಿನೆಂಟು ಸೆಕೆಂಡ್ ಇದೆ, ಅರ್ಧ ಯಾರದ್ದೋ ಕಾಲು.

ಊಟಕ್ಕೆ ವೆಜ್ ಅಂತ ಮೊದಲೇ ಹೇಳಿದ್ದೆ, ಎರಡು ಸಲ ಹೇಳಿದ್ದೆ. ಒಂದೇ ಪಾತ್ರೆ ಇತ್ತು. ಅನ್ನದ ಮೇಲೆ ಸಾರು ಸುರಿಯುವಾಗ ಬಡಿಸುವವನು ಸೌಟಿನಿಂದ ಮೀನಿನ ತುಂಡು ಪಕ್ಕಕ್ಕೆ ಸರಿಸಿ, ಬರೀ ರಸ ಹಾಕಿ, ‘ಯೇ ವೆಜ್’ ಅಂದ. ಅತ್ತೆ ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದರು. ಆಮೇಲೆ ಮಾತಿಲ್ಲದೆ ಕೆಳಗಿಟ್ಟು, ಚೀಲದಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ತೆಗೆದರು. ಇನ್ನೂ ಆರೇಳು ಜನ ವೆಜ್‌ನವರು ಇದ್ದರು, ಅವರಿಗೂ ಮುರಿದು ಕೊಟ್ಟರು. ಆ ದೋಣಿಯಲ್ಲಿ ನ್ಯಾಯವಾಗಿ ನಡೆದ ಕೆಲಸ ಅದೊಂದೇ.

ಡಾಲ್ಫಿನ್? ದೂರದಲ್ಲಿ ಏನೋ ಕಪ್ಪಗೆ ಮುಳುಗಿತು. ನಲವತ್ತು ಜನ ಒಂದೇ ಬದಿಗೆ ನುಗ್ಗಿದರು.

ಸಂಜೆ ಏಜೆಂಟನ ಹತ್ತಿರ ನಾನು ವಾಪಸ್ ಕೇಳಿದ್ದು ಜಾಸ್ತಿ ಅಲ್ಲ. ಮೊದಲ ದಿನದ 2,500, ಮತ್ತೆ ನೀರಿಗೇ ಇಳಿಯದ ಹುಡುಗಿ, ಅತ್ತೆ ಇಬ್ಬರ ಸ್ಕೂಬಾ ದುಡ್ಡು. ಮೊದಲ ಸಲ ‘ನೋಡೂಣು ರೀ’ ಅಂದ. ಎರಡನೇ ಸಲ ‘ದ್ವೀಪ ತೋರಿಸ್ತೀನಿ ಅಂದಿದ್ದೆ ಸರ, ಇಳಿಸ್ತೀನಿ ಅಂದಿದ್ನೇನು?’ ಅಂದ. ಕಂಪ್ಲೇಂಟ್ ಕೊಡ್ತೀನಿ ಅಂದೆ ನೋಡಿ, ಆ ಕ್ಷಣಕ್ಕೆ ಅವನ ಕನ್ನಡ ಹೋಯಿತು. ಪೂರ್ತಿ ಹೋಯಿತು. ‘ಸರ್, ಕಂಪನಿ ಪಾಲಿಸಿ ಹೈ. ನೋ ರಿಫಂಡ್.’ ನಾನು ಕನ್ನಡದಲ್ಲಿ ಬೈದರೆ ಅವನು ಹಿಂದಿಯಲ್ಲಿ ‘ಸಮಝ್ ನಹೀ ಆಯಾ’ ಅನ್ನುತ್ತಾನೆ! ಎದೆ ಮೇಲೆ ಕೈ ಇಟ್ಟುಕೊಂಡಿದ್ದನಲ್ಲ, ಅದೇ ಮನುಷ್ಯ. ಕೊನೆಗೆ ಒಂದು ಮೆಸೇಜು: ಮುಂದಿನ ಸಲ ಬಂದಾಗ ಡಾಲ್ಫಿನ್ ಟ್ರಿಪ್ ಫ್ರೀ. ಆಮೇಲೆ ಡಿಪಿ ಮಾಯ.

ಪೊಲೀಸರ ಹತ್ತಿರವೂ ಹೋದೆ. ‘ಬಿಲ್ ಇದೆಯಾ?’ ಅಂದರು. ವಾಟ್ಸಾಪ್ ತೋರಿಸಿದೆ. ಕಂಪನಿ ಹೆಸರು ಏನು ಅಂದರು. ಆ ಪಟ್ಟಿಯಲ್ಲಿ ಹೆಸರೇ ಇಲ್ಲ. ಯುಪಿಐ ಹೆಸರು ಇನ್ಯಾರದ್ದೋ. ಗ್ರಾಹಕರ ಸಹಾಯವಾಣಿ 1915ಕ್ಕೂ ದೂರು ಹಾಕಿದ್ದೇನೆ, ಯಾರ ಮೇಲೆ ಅಂತ ಬರೆಯುವ ಜಾಗದಲ್ಲೇ ತಡವರಿಸಿದೆ.

ಆದ್ದರಿಂದ ಹೇಳುತ್ತಿದ್ದೇನೆ. ರಸ್ತೆ ಟೇಬಲ್ಲಿನವನ ಹತ್ತಿರ ತಗೊಳ್ಳಬೇಡಿ. ಗೋವಾದಲ್ಲಿ ಟೂರ್ ಮಾಡಿಸುವವರು 1982ರ ಕಾಯ್ದೆಯ ಪ್ರಕಾರ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿರಬೇಕು. ನಂಬರ್ ಕೇಳಿ, ತೋರಿಸದಿದ್ದರೆ ಎದ್ದು ಹೋಗಿ. ಬಿಲ್ಲಿಲ್ಲದೆ ಅಡ್ವಾನ್ಸ್ ಬೇಡ. ದ್ವೀಪದಲ್ಲಿ ಇಳಿಸ್ತೀರಾ, ನೀರೊಳಗೆ ಎಷ್ಟು ನಿಮಿಷ, ವಿಡಿಯೋಗೆ ಎಷ್ಟು ಅಂತ ಬರೆಸಿಕೊಳ್ಳಿ. ಹಳೇ ಗೋವಾಕ್ಕೆ ಯಾರೂ ಬೇಡ. ಪಣಜಿ ಕದಂಬ ಬಸ್ ಸ್ಟ್ಯಾಂಡಿನಿಂದ ಬಸ್ಸಿದೆ, ಇಳಿದು ನಡೆಯಿರಿ. ಮತ್ತೆ, ನಮ್ಮೂರಿನವನು ಅಂತ ಕರಗಬೇಡಿ. ಮರಾಠಿಯಲ್ಲೋ ಹಿಂದಿಯಲ್ಲೋ ಕರೆದಿದ್ದರೆ ನಾನು ನಿಲ್ಲುತ್ತಲೇ ಇರಲಿಲ್ಲ.

ಮೊನ್ನೆ ಅತ್ತೆ ಫೋನ್ ಮಾಡಿದ್ದರು. ಡಿಸೆಂಬರಿಗೆ ಮತ್ತೆ ಬರ್ತಾರಂತೆ. ಈ ಸಲ ಎಲ್ಲಿಗೆ ಹೋಗೋಣ ಅಂದೆ. ‘ಆ ಫುಕಟ್ ಬೋಟಿನ್ಯಾಗ ಇನ್ನೊಮ್ಮಿ ಹೋಗೂಣು ಅಳಿಯಂದ್ರ. ಅದಾ ಛಲೋ ಇತ್ತು’ ಅಂದರು.