ನೀರು ಪರೀಕ್ಷೆ ಕಿಟ್: ಬೋರ್‌ವೆಲ್‌ಗೆ ಸರಿ, ಹಳ್ಳಕ್ಕೆ ಸಾಲದು

ಕೊಪ್ಪಳ ತಾಲ್ಲೂಕಿನ ಗಿಣಿಗೇರಾ ಕಡೆಯ ಊರು ನಮ್ಮದು. ಮಾಳಿಗೆ ಮೇಲೆ ಸಂಡಿಗೆ ಹಾಕಿದರೆ ಸಂಜೆಯೊಳಗೆ ಪಕ್ಕದ ಕಾರ್ಖಾನೆಯ ಕರಿ ಧೂಳು ಕೂತಿರುತ್ತದೆ. ಮಳೆ ಬಿದ್ದಾಗ ಆ ಧೂಳೆಲ್ಲ ಇಳಿಯುವುದು ಹಳ್ಳಕ್ಕೇ. ಜಲ ಜೀವನ್ ಮಿಷನ್‌ನಲ್ಲಿ ಊರಿಗೆ ಐದು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಕಲಿಸುತ್ತಾರೆ, ಆ ಐವರಲ್ಲಿ ನಾನೂ ಒಬ್ಬಳು. ಎರಡು ವರ್ಷದಿಂದ ಈ ಕಿಟ್ ನನ್ನ ಕೈಯಲ್ಲಿದೆ. ಕೊಳ್ಳಬೇಕು ಅಂತ ಕೇಳುವವರಿಗೆ ನಾನು ಕಂಡದ್ದು ಹೇಳುತ್ತೇನೆ.

ಮೊದಲು ಒಳ್ಳೆಯದು. ಗುಡಿ ಮುಂದಿನ ಬೋರ್‌ವೆಲ್ ನೀರಿಗೆ ಫ್ಲೋರೈಡ್ ಪತ್ತೆ ಮಾಡುವ ದ್ರಾವಣ ಹಾಕಿದೆ, ಗುಲಾಬಿ ಬಣ್ಣ ನೋಡುನೋಡುತ್ತಲೇ ಹಳದಿಗೆ ತಿರುಗಿತು. ಕುಡಿಯುವ ನೀರಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪುತ್ತಾರೆ. ನಮ್ಮದು ಅದನ್ನೂ ದಾಟಿತ್ತು. ಈಗ ಆ ನೀರು ಪಾತ್ರೆ ಬಟ್ಟೆಗೆ ಮಾತ್ರ, ಕುಡಿಯಲು ಶುದ್ಧ ನೀರಿನ ಘಟಕದ್ದು. ಇನ್ನೊಮ್ಮೆ ನಲ್ಲಿ ನೀರು ತುಂಬಿಟ್ಟ ಬ್ಯಾಕ್ಟೀರಿಯಾ ಬಾಟಲಿ ಬೆಳಗಾಗುವುದರೊಳಗೆ ಕಪ್ಪಾಗಿತ್ತು. ಅಗೆದು ನೋಡಿದರೆ ಪೈಪು ಒಡೆದು ಗಟಾರದೊಳಗೆ ಕೂತಿತ್ತು. ಇದನ್ನು ಕಣ್ಣಿಗೆ ತೋರಿಸಿಕೊಟ್ಟದ್ದಕ್ಕೆ ಕಿಟ್‌ನ ಋಣ ನಮ್ಮ ಮೇಲಿದೆ.

ಇನ್ನು ಹಳ್ಳದ ಮಾತು. ಹೋದ ಮುಂಗಾರಿನಲ್ಲಿ ಹಳ್ಳದ ನೀರನ್ನೂ ಪರೀಕ್ಷೆ ಮಾಡಿದೆ. ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ), ಗಡಸುತನ, ಕ್ಲೋರೈಡ್, ನೈಟ್ರೇಟ್, ಕಬ್ಬಿಣ ಎಲ್ಲವೂ ಮಿತಿಯೊಳಗೆ ಬಂದವು. ನಮ್ಮ ಅತ್ತೆ, "ಎಲ್ಲಾ ಪಾಸ್ ಆಗೇತಲ್ಲವಾ, ಎಮ್ಮಿ ಇಳಸಾಕ ಏನಡ್ಡಿ?" ಅಂದರು. ನಾನೂ ಹೂಂ ಅನ್ನುವವಳಿದ್ದೆ. ಆದರೆ ಕಾರ್ಖಾನೆ ಧೂಳಿನಲ್ಲಿ ಇರಬಹುದಾದ ಸೀಸಕ್ಕೆ ಕಿಟ್ ಪೆಟ್ಟಿಗೆಯಲ್ಲಿ ಬಾಟಲಿ ಇಲ್ಲ. ಕ್ರೋಮಿಯಂ, ಕ್ಯಾಡ್ಮಿಯಂನಂಥ ವಿಷದ ಲೋಹಗಳಿಗೂ ಇಲ್ಲ. ಸೀಸದ ಮಿತಿಯೇ ಲೀಟರಿಗೆ 0.01 ಮಿಲಿಗ್ರಾಂ, ಅಷ್ಟು ಸೂಕ್ಷ್ಮವನ್ನು ಹಿಡಿಯಲು ಪ್ರಯೋಗಾಲಯದ ಯಂತ್ರವೇ ಬೇಕು. ನಮ್ಮ ಪೆಟ್ಟಿಗೆ ಹುಡುಕದೇ ಇರುವುದನ್ನು 'ಇಲ್ಲ' ಅಂತ ನಾವು ತಿಳಿದುಬಿಡುತ್ತೇವೆ, ಇದೇ ದೊಡ್ಡ ಅಪಾಯ. ಕಾರ್ಖಾನೆ ಪಕ್ಕದ ಊರಿನವರು ಇದನ್ನು ದಯವಿಟ್ಟು ನೆನಪಿಡಿ.

ಲೋಹಗಳು ನೀರಿಗಿಂತ ಹೆಚ್ಚಾಗಿ ತಳದ ರಾಡಿಯಲ್ಲಿ ಸೇರಿಕೊಳ್ಳುತ್ತವೆ. ನೀರು ತಿಳಿಯಾಗಿ ಕಂಡರೂ ರಾಡಿಯಲ್ಲಿ ಆಡಿದ ಮಕ್ಕಳ ಕೈಯಿಂದ ಲೋಹ ಬಾಯಿಗೆ ಹೋಗುತ್ತದೆ. ಕಾಯಿಸಿದರೆ ಹೋಗುತ್ತದೆ ಅಂತ ಅನೇಕರು ನಂಬಿದ್ದಾರೆ. ಕಾಯಿಸಿದರೆ ಸಾಯುವುದು ರೋಗಾಣು ಮಾತ್ರ, ನೀರು ಆವಿಯಾಗಿ ಲೋಹ ಪಾತ್ರೆಯಲ್ಲೇ ಉಳಿಯುತ್ತದೆ, ಉಳಿದ ನೀರಲ್ಲಿ ಅದು ಇನ್ನೂ ದಟ್ಟವಾಗುತ್ತದೆ.

ಹಾಗಾಗಿ ಹಳ್ಳದ ನೀರನ್ನು ಪ್ರಯೋಗಾಲಯಕ್ಕೇ ಕೊಟ್ಟೆವು. ಬಾಟಲಿ ಅವರ ಕಡೆಯಿಂದಲೇ ತನ್ನಿ. ಲೋಹ ನೋಡುವ ಬಾಟಲಿಗೆ ಆಸಿಡ್ ಹನಿ ಬೇಕು, ಇಲ್ಲದಿದ್ದರೆ ಲೋಹ ಬಾಟಲಿಯ ಒಳಮೈಗೆ ಅಂಟಿಕೊಂಡು ಲೆಕ್ಕ ಕಡಿಮೆ ಬರುತ್ತದೆ. ಆ ಬಾಟಲಿಯನ್ನು ಹಳ್ಳದಲ್ಲಿ ಜಾಲಿಸಲೂ ಬಾರದು. ರಾಡಿಯ ಮಾದರಿ ಬೇರೆಯಾಗಿ ಕೊಡಿ.

ಕಿಟ್ ತಯಾರಿಸಿದವರ ಮೇಲೆ ನನ್ನ ತಕರಾರು ಎರಡಿವೆ. ಸೂಚನೆ ಪುಸ್ತಕದಲ್ಲಿ ಒಂದಕ್ಷರ ಕನ್ನಡ ಇಲ್ಲ, ಹಿಂದಿ ಇಂಗ್ಲಿಷ್ ಮಾತ್ರ. ನನ್ನ ಮಗಳು ಓದಿ ಹೇಳಿದ್ದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡೇ ಕೆಲಸ ಮಾಡಿದೆ. ನೀರಿನ ಬಣ್ಣಕ್ಕೆ ಹೋಲಿಸಿ ನೋಡುವ ಬಣ್ಣದ ಪಟ್ಟಿ ಒಂದೇ ಬೇಸಿಗೆಗೆ ಮಾಸಿತು, ಮಾಸಿದ ಪಟ್ಟಿಯಲ್ಲಿ 1 ಯಾವುದು 1.5 ಯಾವುದು ಗೊತ್ತಾಗದು. ಪಟ್ಟಿಯನ್ನು ಬಿಸಿಲಿಗೆ ಇಡಬೇಡಿ, ದ್ರಾವಣದ ಅವಧಿ ಮುಗಿದಿದೆಯೇ ನೋಡಿಕೊಳ್ಳಿ.

ಬೋರ್‌ವೆಲ್, ನಲ್ಲಿ ನೀರಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಕಾರ್ಖಾನೆ ಪಕ್ಕದ ಹಳ್ಳಕ್ಕೆ ಒಂದು, ಅದೂ ಪಿಎಚ್ ತಿಳಿಯುತ್ತದೆ ಅಂತ. ಪ್ರಯೋಗಾಲಯದ ವರದಿ ಇನ್ನೂ ಬಂದಿಲ್ಲ. ಅಲ್ಲಿತನಕ ನಮ್ಮ ಎಮ್ಮೆಗಳಿಗೆ ಮನೆ ಮುಂದಿನ ತೊಟ್ಟಿಯಲ್ಲೇ ನೀರು. ಅತ್ತೆ ಈಗ ತಾವೇ ಕೊಡ ಹೊತ್ತು ತುಂಬಿಸುತ್ತಾರೆ.