ಸಿಲಿಗುರಿಯ ಬಾಡಿಗೆ ಬೈಕಿನಲ್ಲಿ ಇಲಾಮಿಗೆ: ಗಾಡಿ ಚೆನ್ನಾಗಿತ್ತು, ಕಾಗದ ಕೈಕೊಟ್ಟಿತು

ಮೂಡಿಗೆರೆ ಹತ್ತಿರದ ನಮ್ಮ ತೋಟದಲ್ಲಿ ಏಲಕ್ಕಿ ಅಜ್ಜನ ಕಾಲದಿಂದಲೂ ಇದೆ. ಆದರೆ ಪಲಾವಿಗೆ ಹಾಕುವ, ಹೊಗೆವಾಸನೆಯ ಆ ದಪ್ಪ ಕಪ್ಪು ಏಲಕ್ಕಿಯನ್ನು ಗಿಡದಲ್ಲಿ ನೋಡಿರಲಿಲ್ಲ. ಅದನ್ನು ಅತಿ ಹೆಚ್ಚು ಬೆಳೆಯುವ ದೇಶ ನೇಪಾಳ, ಅದರಲ್ಲೂ ಅಲ್ಲಿನ ಪೂರ್ವದ ಗುಡ್ಡಗಳು. ಕಳೆದ ನವೆಂಬರಿನಲ್ಲಿ ಅಣ್ಣನ ಮಗಳಿಗೆ ಒಂದು ವಾರ ರಜೆ ಸಿಕ್ಕಿತು. ಬೆಂಗಳೂರಿನಿಂದ ಬಾಗ್‌ಡೋಗ್ರಾಕ್ಕೆ ವಿಮಾನ, ಸಿಲಿಗುರಿಯಲ್ಲಿ ಬಾಡಿಗೆ ಬೈಕು, ಅಲ್ಲಿಂದ ಪಾನಿಟಂಕಿ ಗಡಿ ದಾಟಿ ಪೂರ್ವ ನೇಪಾಳದ ಇಲಾಮ್ ಎಂದು ಲೆಕ್ಕ ಹಾಕಿ ಹೊರಟೆವು. ಇಲಾಮಿಗೆ ಜೀಪು, ಬಸ್ಸು ಬೇಕಾದಷ್ಟಿವೆ. ಆದರೆ ಕಂಡ ತೋಟದ ಮುಂದೆಲ್ಲ ನಿಲ್ಲಿಸಿ ನೋಡಬೇಕೆನ್ನುವವಳಿಗೆ ಸ್ವಂತ ಗಾಡಿಯೇ ಬೇಕು. ಅಪ್ಪನ ಯೆಜ್ಡಿಯಲ್ಲಿ ಗಾಡಿ ಕಲಿತವಳು ನಾನು. ಅದನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಆ ಗಾಡಿ ನಮ್ಮ ಕೊಟ್ಟಿಗೆಯಲ್ಲಿ ಇವತ್ತಿಗೂ ಒಂದೇ ಒದೆತಕ್ಕೆ ಶುರುವಾಗುತ್ತದೆ.

ಬಾಡಿಗೆ ಕೊಟ್ಟ ಅಂಗಡಿಯ ಹೆಸರು ಬರೆಯುತ್ತಿಲ್ಲ. ತಪ್ಪು ಮಾಡಿದರು, ತಿದ್ದಿಕೊಂಡರು. ಗಡಿ ದಾಟುವ ಯೋಚನೆಯಿರುವವರು ಯಾವ ಅಂಗಡಿಗೆ ಹೋದರೂ ಏನೇನು ನೋಡಬೇಕು ಅನ್ನುವುದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಗಾಡಿಯ ಮಾತು. ರಾಯಲ್ ಎನ್‌ಫೀಲ್ಡ್ ಹಿಮಾಲಯನ್, ಹಳೆಯ 411 ಸಿಸಿಯದು. ಬಾಡಿಗೆ ದಿನಕ್ಕೆ 1,500 ರೂಪಾಯಿ, ನೇಪಾಳಕ್ಕೆ ಒಯ್ಯುವುದಾದರೆ ದಿನಕ್ಕೆ 300 ಹೆಚ್ಚು, ಠೇವಣಿ 10,000. ಚೈನು ಹದವಾಗಿ ಬಿಗಿದಿತ್ತು, ಎಣ್ಣೆ ಹೊಸದು, ಚಕ್ರದ ಕಡ್ಡಿಗಳಲ್ಲಿ ಒಂದೂ ಸಡಿಲವಿರಲಿಲ್ಲ. ಹಿಂದಿನ ಬ್ರೇಕ್ ಪ್ಯಾಡ್ ಸವೆದಿದೆ ಎಂದಾಗ ಅಲ್ಲಿನ ಹುಡುಗ ಎದುರು ಮಾತಾಡದೆ ಹೊಸದು ಹಾಕಿದ. ಕೇಳುವ ಮೊದಲೇ ಎರಡೂ ಚಕ್ರದ ಟ್ಯೂಬು, ಒಂದು ಕ್ಲಚ್ ಕೇಬಲ್, ಪಂಪು ಕಟ್ಟಿಕೊಟ್ಟ. ಗಡಿಯಾಚೆ ಗಾಡಿ ನಿಂತರೆ ಅಂಗಡಿಯವರು ಬರುವುದಿಲ್ಲ, ಭಾರತದ ಕಡೆಗೆ ತಂದುಕೊಡುವುದು ನಮ್ಮದೇ ಖರ್ಚು ಎಂದು ಕರಾರಿನಲ್ಲಿತ್ತು. ಅದನ್ನು ಮುಚ್ಚಿಡದೆ ಹುಡುಗ ಬೆರಳಿಟ್ಟು ತೋರಿಸಿದ್ದು ನನಗೆ ಇಷ್ಟವಾಯಿತು.

ನಂಬರ್ ಪ್ಲೇಟು ಕಪ್ಪು, ಅಕ್ಷರ ಹಳದಿ. ಇದನ್ನು ಖಂಡಿತ ನೋಡಿಕೊಳ್ಳಿ. ನಾವೇ ಓಡಿಸುವ ಬಾಡಿಗೆ ಗಾಡಿಗೆ ನಮ್ಮ ಕಾನೂನಿನಲ್ಲಿ ಇರುವುದು ಅದೇ ಬಣ್ಣ. 1997ರ ಬಾಡಿಗೆ ಮೋಟಾರ್ ಸೈಕಲ್ ಯೋಜನೆಯಡಿ ಪರವಾನಗಿ ಪಡೆದವರು ಮಾತ್ರ ಹೀಗೆ ಬಾಡಿಗೆಗೆ ಕೊಡಬಹುದು. ಸಿಲಿಗುರಿಯಲ್ಲಿ ಬಿಳಿ ಪ್ಲೇಟಿನ ಗಾಡಿಯನ್ನು 300 ರೂಪಾಯಿ ಕಡಿಮೆಗೆ ಕೊಡುತ್ತೇನೆ ಎಂದವರೂ ಸಿಕ್ಕರು. ಸ್ವಂತ ಬಳಕೆಗೆಂದು ವಿಮೆ ಮಾಡಿಸಿದ ಗಾಡಿ ಬಾಡಿಗೆಯಲ್ಲಿದ್ದಾಗ ಅಪಘಾತವಾದರೆ ವಿಮೆ ಕಂಪನಿ ಕೈಯೆತ್ತಬಹುದು. ಬೇರೆ ದೇಶದಲ್ಲಿ ಆ ಪರಿಸ್ಥಿತಿ ಬಂದರೆ ಹೇಗಿರುತ್ತದೆಂದು ಯೋಚಿಸಿಯೇ ನಾನು ಬೇಡವೆಂದೆ.

ವಿಮೆಯಲ್ಲೇ ಮೊದಲ ತೊಡಕು. "ನೇಪಾಳಕ್ಕೂ ಸೇರಿ ಇದೆ ದೀದಿ" ಎಂದು ಮಾಲೀಕರು ಫೋನಿನಲ್ಲೇ ಹೇಳಿದ್ದರು. ಸಂಜೆ ಲಾಡ್ಜಿನಲ್ಲಿ ಅಣ್ಣನ ಮಗಳು ಪಾಲಿಸಿಯನ್ನು ಸಾಲು ಸಾಲಾಗಿ ಓದುತ್ತಾ, "ಅತ್ತೆ, ವ್ಯಾಪ್ತಿ ಅಂತಿರೋ ಕಡೆ ಬರೀ ಇಂಡಿಯಾ ಅಂತಿದೆ" ಅಂದಳು. ನಿಜವೇ. ನಮ್ಮ ಮೋಟಾರು ವಿಮೆ ತಾನಾಗಿಯೇ ಗಡಿ ದಾಟುವುದಿಲ್ಲ. ನೇಪಾಳ, ಭೂತಾನ, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ, ಮಾಲ್ಡೀವ್ಸ್‌ಗಳಿಗೆ ವ್ಯಾಪ್ತಿ ವಿಸ್ತರಿಸಿ ಅಂತ ಬರೆದುಕೊಟ್ಟು ಬೇರೆ ಹಣ ಕಟ್ಟಬೇಕು. ಪೂರ್ತಿ ಪಾಲಿಸಿಗೆ ಭಾರತೀಯ ಮೋಟಾರ್ ಟ್ಯಾರಿಫ್‌ನಲ್ಲಿರುವ ದರ 500 ರೂಪಾಯಿ, ಬರೀ ಥರ್ಡ್ ಪಾರ್ಟಿಗಾದರೆ 100. ತೆರಿಗೆ ಸೇರಿ 590 ರೂಪಾಯಿಗೆ ಆಗುವ ಕೆಲಸ. ದಿನಕ್ಕೆ 300 ರೂಪಾಯಿ "ನೇಪಾಳದ ಹಣ" ತೆಗೆದುಕೊಳ್ಳುವವರು ಇದನ್ನು ಮಾಡಿಸಿರಲಿಲ್ಲ. ಈ ಒಂದು ವಿಷಯದಲ್ಲಿ ನನಗೆ ಅಂಗಡಿಯವರ ಮೇಲೆ ಈಗಲೂ ಸಿಟ್ಟಿದೆ. ಮರುದಿನ ಬೆಳಿಗ್ಗೆ ಹೋಗಿ ಕೂತೆ. ಪಾಲಿಸಿ ಮಾಲೀಕರ ಹೆಸರಿನಲ್ಲಿರುವುದರಿಂದ ಅವರೇ ಏಜೆಂಟರಿಗೆ ಹೇಳಿ ಮಾಡಿಸಬೇಕಿತ್ತು. ಮಧ್ಯಾಹ್ನ ಮೂರಕ್ಕೆ ತಿದ್ದುಪಡಿ ಹಾಳೆ ಬಂತು. 590 ರೂಪಾಯಿ ಅವರೇ ಕೊಟ್ಟರು, ಆದರೆ ನಮ್ಮ ಒಂದು ದಿನ ಹೋಯಿತು.

ಆರ್‌ಸಿಯ ಕಥೆಯೂ ಅಷ್ಟೇ. ಮೊದಲು ಕೊಟ್ಟಿದ್ದು ಜೆರಾಕ್ಸ್. ಡಿಜಿಲಾಕರಿನಲ್ಲಿರುವುದನ್ನು ನಮ್ಮ ಪೊಲೀಸರು ಒಪ್ಪುತ್ತಾರೆ, ಗಡಿಯ ಮೇಚಿ ನದಿಯಾಚೆ ಆ ಮಾತಿಲ್ಲ. ಮೂಲ ಕಾರ್ಡೇ ಬೇಕೆಂದು ಹಟ ಹಿಡಿದು ತೆಗೆದುಕೊಂಡೆ. ಜೊತೆಗೆ "ಈ ಗಾಡಿಯನ್ನು ಇಂಥವರು ಇಂಥ ದಿನದಿಂದ ಇಂಥ ದಿನದವರೆಗೆ ನೇಪಾಳಕ್ಕೆ ಒಯ್ಯಲು ನನ್ನ ಒಪ್ಪಿಗೆಯಿದೆ" ಎಂದು ಮಾಲೀಕರು ಲೆಟರ್‌ಹೆಡ್ಡಿನಲ್ಲಿ ಸೀಲು ಹಾಕಿ ಬರೆದ ಪತ್ರ. ಅದರಲ್ಲಿ ನನ್ನ ಹೆಸರೊಂದೇ ಇತ್ತು. ಸೋದರ ಸೊಸೆಯ ಹೆಸರೂ ಸೇರಿಸಿ ಎಂದು ಕೇಳುವುದು ನನಗೆ ಹೊಳೆಯಲಿಲ್ಲ. ಹಾಗಾಗಿ ಗಡಿಯಾಚೆ ಅವಳಿಗೆ ಓಡಿಸುವ ಅವಕಾಶ ಸಿಗಲಿಲ್ಲ. ನೀವು ಇಬ್ಬರು ಹೋಗುವುದಾದರೆ ಇಬ್ಬರ ಹೆಸರೂ ಇರಲಿ.

ಮೂರನೆಯ ದಿನ ಬೆಳಿಗ್ಗೆ ಆರಕ್ಕೆ ಹೊರಟೆವು. ಸಿಲಿಗುರಿಯಿಂದ ಪಾನಿಟಂಕಿಗೆ ಸುಮಾರು 30 ಕಿ.ಮೀ., ದಾರಿಯಲ್ಲಿ ನಕ್ಸಲ್‌ಬಾರಿ. 1967ರಲ್ಲಿ ಅಲ್ಲಿ ಹುಟ್ಟಿದ ಹೆಸರು ನಮ್ಮ ಮಲೆನಾಡಿನ ಕಾಡಿನವರೆಗೂ ಬಂದದ್ದನ್ನು ಕಂಡವರು ನಾವು. ಬೋರ್ಡು ಕಂಡಾಗ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಪಾನಿಟಂಕಿಯಲ್ಲಿ ಗಡಿ ಕಾಯುವ ಎಸ್ಎಸ್‌ಬಿ ಜವಾನರು ಗುರುತಿನ ಚೀಟಿ ನೋಡಿದರು. 1950ರ ಭಾರತ-ನೇಪಾಳ ಒಪ್ಪಂದದಿಂದಾಗಿ ನಮಗೆ ವೀಸಾ ಬೇಡ. ಆದರೆ ಪಾಸ್‌ಪೋರ್ಟ್ ಇಲ್ಲವೇ ಚುನಾವಣಾ ಗುರುತಿನ ಚೀಟಿ ಇರಬೇಕು. ಆಧಾರ್ ನಡೆಯುವುದು 15 ತುಂಬದ ಮಕ್ಕಳಿಗೆ ಮತ್ತು 65 ದಾಟಿದ ಹಿರಿಯರಿಗೆ ಮಾತ್ರ.

ಸೇತುವೆ ದಾಟಿದರೆ ಕಾಕರ್‌ಭಿಟ್ಟಾ. ಗಡಿಯಾರವನ್ನು 15 ನಿಮಿಷ ಮುಂದಿಟ್ಟುಕೊಳ್ಳಬೇಕು. ಅಲ್ಲಿ ಗಾಡಿಗೆ ಭನ್ಸಾರ್ ಕಟ್ಟಬೇಕು, ಅಂದರೆ ಸುಂಕ. ದಿನದ ಲೆಕ್ಕ, ಒಳಗೆ ಹೋದ ದಿನವೂ ಸೇರುತ್ತದೆ. ಒಂದು ವರ್ಷದಲ್ಲಿ ಒಟ್ಟು 30 ದಿನ ಮಾತ್ರ. ನಾಲ್ಕು ದಿನದ ಪ್ರಯಾಣಕ್ಕೆ ನಾನು ಐದು ದಿನದ್ದು ಕಟ್ಟಿದೆ. ಗುಡ್ಡ ಕುಸಿದು ದಾರಿ ಮುಚ್ಚಿ ಚೀಟಿಯ ಅವಧಿ ಮೀರಿದರೆ ದಂಡ ಬೀಳುತ್ತದೆ, ಅದರ ಮುಂದೆ ಒಂದು ದಿನದ ಸುಂಕ ಏನೂ ಅಲ್ಲ. ಲೆಕ್ಕವೆಲ್ಲ ನೇಪಾಳಿ ರೂಪಾಯಿಯಲ್ಲಿ, ನಮ್ಮ 100ಕ್ಕೆ ಅವರ 160.

ಕೌಂಟರಿನಲ್ಲಿದ್ದವರು ಆರ್‌ಸಿಯನ್ನೂ ಪತ್ರವನ್ನೂ ಅಕ್ಕಪಕ್ಕ ಇಟ್ಟು ಚಾಸಿಸ್ ನಂಬರನ್ನು ಒಂದೊಂದೇ ಅಂಕಿ ಓದಿದರು. 17 ಅಕ್ಷರ-ಅಂಕಿಗಳಲ್ಲಿ ಕೊನೆಯಿಂದ ಎರಡನೆಯದು ಆರ್‌ಸಿಯಲ್ಲಿ 6, ಪತ್ರದಲ್ಲಿ 8. "ದಿದಿ, ಈ ಪತ್ರ ಬೇರೆ ಗಾಡಿಯದು" ಎಂದರು, ಒಂದಿಷ್ಟೂ ಗದರದೆ. ಅವರ ಮೇಲೆ ನನ್ನ ದೂರಿಲ್ಲ. ಬೇರೆಯವರ ಗಾಡಿಯನ್ನು ತಂದಿರುವ ಅಪರಿಚಿತರು ನಾವು, ಅದು ಕದ್ದ ಗಾಡಿಯಲ್ಲ ಎಂದು ಹೇಳಲು ನಮ್ಮ ಕೈಯಲ್ಲಿದ್ದದ್ದು ಆ ಒಂದು ಹಾಳೆ. ಅದರಲ್ಲೇ ತಪ್ಪಿದ್ದರೆ ಅವರಾದರೂ ಏನು ಮಾಡಬೇಕು?

ಫೋನ್ ಮಾಡಿದರೆ ಮಾಲೀಕರು ಮೊದಲೆರಡು ಸಲ ಎತ್ತಲಿಲ್ಲ. ಮೂರನೆಯ ಸಲ ಎತ್ತಿ, ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ ಅಂದರು. ಸೀಲಿರುವ ಮೂಲ ಕಾಗದ ಬೇಕು ದಾದಾ, ಇಲ್ಲದಿದ್ದರೆ ಗಾಡಿ ವಾಪಸ್ ತಂದು ಠೇವಣಿ ತೆಗೆದುಕೊಂಡು ಹೋಗುತ್ತೇನೆ ಎಂದು ಖಡಾಖಂಡಿತವಾಗಿ ಹೇಳಿದೆ. ಎರಡೂವರೆ ತಾಸು ಚಹದಂಗಡಿಯ ಬೆಂಚಿನ ಮೇಲೆ ಕೂತಿದ್ದೆವು. ಇ-ರಿಕ್ಷಾಗಳು ಸೇತುವೆಯ ಮೇಲೆ ಇರುವೆ ಸಾಲಿನ ಹಾಗೆ ಹೋಗಿ ಬರುತ್ತಿದ್ದವು. ಕೊನೆಗೆ ಮಾಲೀಕರೇ ಸ್ಕೂಟರಿನಲ್ಲಿ ಬಂದರು. ಸುಮಾರು 60 ವಯಸ್ಸು, ಬೆವರಿ ಒದ್ದೆಯಾಗಿದ್ದರು. ಹೊಸ ಪತ್ರದಲ್ಲಿ ನಂಬರನ್ನು ಗಾಡಿಯ ಹ್ಯಾಂಡಲ್ ಕೆಳಗಿನ ಕೆತ್ತನೆ ನೋಡಿಯೇ ಬರೆದರು, ಸೀಲು ಜೇಬಿನಿಂದ ತೆಗೆದು ಒತ್ತಿದರು. ತಪ್ಪು ನನ್ನದು ಎಂದು ಭನ್ಸಾರಿನವರ ಎದುರಿಗೇ ಹೇಳಿದರು. ಕೌಂಟರಿನ ಕೆಲಸ ಮುಗಿಯಲು ಆಮೇಲೆ ಕಾಲು ಗಂಟೆಯೂ ಹಿಡಿಯಲಿಲ್ಲ.

ಅಲ್ಲಿಂದ ಮುಂದೆ ಗಾಡಿಯ ಬಗ್ಗೆ ಒಂದೇ ಒಂದು ದೂರೂ ಇಲ್ಲ. ಚಾರಾಲಿಯಲ್ಲಿ ಬಲಕ್ಕೆ ತಿರುಗಿದರೆ ಮೇಚಿ ಹೆದ್ದಾರಿ. ಬಯಲು ಮುಗಿದು ಏರು ಶುರುವಾದ ಮೇಲೆ ಹಿಮಾಲಯನ್ನಿನ ಗುಣ ಗೊತ್ತಾಗುವುದು. ಇಬ್ಬರನ್ನೂ ಎರಡು ಚೀಲವನ್ನೂ ಹೊತ್ತು ಎರಡನೇ ಗೇರಿನಲ್ಲಿ ಉಸಿರು ಕಟ್ಟದೆ ಹತ್ತಿತು. ಮುಂದಿನ 21 ಇಂಚಿನ ಚಕ್ರ ಗುಂಡಿಯನ್ನು ಗುಂಡಿ ಅನ್ನಿಸಗೊಡಲಿಲ್ಲ. ಕನ್ಯಾಮಿನ ಟೀ ತೋಟದ ತಿರುವುಗಳು ಬಾಳೆಹೊನ್ನೂರು, ಕೊಪ್ಪದ ಕಡೆಯ ರಸ್ತೆಯನ್ನು ನೆನಪಿಸಿದವು, ಚಳಿ ಮಾತ್ರ ಬೇರೆ. ಫಿಕ್ಕಲ್ ದಾಟಿ ಮಾಯಿ ಹೊಳೆಯವರೆಗೆ ಇಳಿಜಾರು, ಮತ್ತೆ ಇಲಾಮ್ ಪೇಟೆಯವರೆಗೆ ಏರು. ಹೊಸ ಬ್ರೇಕ್ ಪ್ಯಾಡ್ ಹಾಕಿಸಿದ್ದು ಆ ಇಳಿಜಾರಿನಲ್ಲಿ ಸಾರ್ಥಕವಾಯಿತು. ಎರಡನೆಯ ದಿನ ಹಿಂದಿನ ಚಕ್ರಕ್ಕೆ ಮೊಳೆ ಹೊಕ್ಕಿತು. ಅಂಗಡಿ ಹುಡುಗ ಕಟ್ಟಿಕೊಟ್ಟ ಟ್ಯೂಬು ಹಾಕಿಸಿಕೊಂಡು ಅರ್ಧ ಗಂಟೆಯಲ್ಲಿ ಹೊರಟೆವು.

ಏಲಕ್ಕಿಯ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನಮ್ಮದರ ಹಾಗೆ ಅದೂ ಬುಡದಲ್ಲೇ ಹೂಬಿಟ್ಟು ಕಾಯಿ ಕಟ್ಟುತ್ತದೆ, ಆದರೆ ಗೊನೆ ಮುಷ್ಟಿಯಷ್ಟು ದಪ್ಪ, ಕೆಂಪು ಕಂದು ಬಣ್ಣ. ನೆರಳಿಗೆ ಉತಿಸ್ ಎಂಬ ಮರ ಬೆಳೆಸುತ್ತಾರೆ. ಅದರ ಬೇರು ಮಣ್ಣಿಗೆ ಸಾರಜನಕ ಕೊಡುತ್ತದೆ, ಉದುರಿದ ಎಲೆ ಗೊಬ್ಬರವಾಗುತ್ತದೆ. ಕಾಯಿಯನ್ನು ಭಟ್ಟಿಯ ಮೇಲೆ ಸೌದೆ ಉರಿಯಲ್ಲಿ ಒಣಗಿಸುವುದರಿಂದ ಆ ಹೊಗೆವಾಸನೆ. ಒಬ್ಬ ರೈತರು ನಮ್ಮನ್ನು ಭಟ್ಟಿಯ ಹತ್ತಿರ ಕೂರಿಸಿ, ಚಿರ್ಕೆ, ಫುರ್ಕೆ ಎಂಬ ಎರಡು ರೋಗ ತೋಟವನ್ನು ಹೇಗೆ ತಿಂದುಹಾಕಿದವೆಂದು ಹೇಳಿದರು. ಪಟ್ಟೆ ಪಟ್ಟೆಯಾದ ಎಲೆ ತೋರಿಸಿದಾಗ ನನಗೆ ನಮ್ಮ ಏಲಕ್ಕಿಯ ಕಟ್ಟೆ ರೋಗವೇ ಕಣ್ಮುಂದೆ ಬಂತು. ನನ್ನ ಮುರುಕು ಹಿಂದಿ, ಅವರ ನೇಪಾಳಿ. ಆದರೂ ಒಂದು ತಾಸು ಮಾತಾಡಿದೆವು. ಬಸ್ಸಿನಲ್ಲಿ ಹೋಗಿದ್ದರೆ ಆ ತಿರುವಿನಲ್ಲಿ ಇಳಿಯುತ್ತಲೇ ಇರಲಿಲ್ಲ.

ವಾಪಸ್ ಬರುವಾಗ ಭನ್ಸಾರ್ ಚೀಟಿಯನ್ನು ಕಾಕರ್‌ಭಿಟ್ಟಾದಲ್ಲಿ ತೋರಿಸಿ ಬಂದೆವು. ಅಂಗಡಿಯಲ್ಲಿ ಎಡಗಡೆಯ ಗೀರು ನಮ್ಮದೆಂದು 400 ರೂಪಾಯಿ ಹಿಡಿಯಲು ಹೊರಟಾಗ, ಮೊದಲ ದಿನ ಗಾಡಿಯ ಸುತ್ತಲೂ ತೆಗೆದ ವಿಡಿಯೊ ತೋರಿಸಿದೆ. ಠೇವಣಿ ಪೂರ್ತಿ ಬಂತು. ತಡವಾದ ಒಂದು ದಿನದ ಬಾಡಿಗೆ ಬಿಡಿ ಎಂದು ಕೇಳಿದೆ. ಪೂರ್ತಿ ಬಿಡಲಿಲ್ಲ, ಅರ್ಧ ಬಿಟ್ಟರು.

ಗಾಡಿಗೆ, ಅದನ್ನು ಇಟ್ಟುಕೊಂಡ ರೀತಿಗೆ ಐದಕ್ಕೆ ಐದು. ಕಾಗದಕ್ಕೆ ಎರಡು, ಅದೂ ಮಾಲೀಕರು ಬಿಸಿಲಿನಲ್ಲಿ ಸ್ಕೂಟರ್ ಓಡಿಸಿಕೊಂಡು ಬಂದದ್ದಕ್ಕೆ. ಮುಂದಿನ ಸಲ ತಾಪ್ಲೆಜುಂಗ್‌ವರೆಗೆ ಹೋಗಬೇಕೆಂದಿದ್ದೇವೆ, ಅದೇ ಹೆದ್ದಾರಿಯ ತುದಿ. ಅದೇ ಗಾಡಿಯನ್ನು ಕೇಳಿಟ್ಟಿದ್ದೇನೆ. ಪತ್ರದ ಒಕ್ಕಣೆಯನ್ನು ನಾನೇ ಬರೆದು ಮುಂಚಿತವಾಗಿ ಕಳಿಸುತ್ತೇನೆ, ಇಬ್ಬರ ಹೆಸರೂ ಹಾಕಿ, ಚಾಸಿಸ್ ನಂಬರ್ 6 ಎಂದೇ ಬರೆದು.