ಊರಕೋಳಿಗೆ ಫೆನ್‌ಬೆಂಡಜೋಲ್: ಮೂರು ಮಳೆಗಾಲ ಬಳಸಿದ ಮೇಲೆ

ಔಷಧ: ಫೆನ್‌ಬೆಂಡಜೋಲ್ ದ್ರವ, ಹೊಟ್ಟೆಹುಳ ತೆಗೆಯುವಂಥದ್ದು, ಮಿಲಿಗೆ 25 ಮಿಗ್ರಾಂ. ಬಳಕೆ: ಶಿರಸಿ ಕಡೆಯ ಅಡಿಕೆ ತೋಟದ ಹಿತ್ತಲಲ್ಲಿ ಬಿಟ್ಟು ಸಾಕುವ ಹತ್ತು ಊರಕೋಳಿ, ಎರಡು ಗಿರಿರಾಜ ತಳಿಯ ಕೋಳಿ. ಅಂಕ: 5ಕ್ಕೆ 4. ಔಷಧದ ಕೆಲಸಕ್ಕೆ ಪೂರ್ತಿ ಅಂಕ ಕೊಡಬಹುದು. ಒಂದು ಅಂಕ ಕಳೆದದ್ದು ಬಾಟಲಿಯ ಚೀಟಿಗೆ. ಅದರಲ್ಲಿ ದನ, ಆಡು, ಕುರಿಯ ಲೆಕ್ಕ ಇದೆ. ಕೋಳಿಯ ಹೆಸರೇ ಇಲ್ಲ, ಮೊಟ್ಟೆಯ ಸುದ್ದಿಯಂತೂ ಇಲ್ಲವೇ ಇಲ್ಲ. ಹಾಗಾಗಿ ಮೊದಲ ಸಲ ಕೊಡುವ ಮುಂಚೆ ಪಶುವೈದ್ಯರ ಹತ್ತಿರ ಪ್ರಮಾಣ ಬರೆಸಿಕೊಳ್ಳುವುದು ಒಳ್ಳೆಯದು.

ಇದಕ್ಕೆ ಮೊದಲು ಬಳಕೆಯಲ್ಲಿದ್ದದ್ದು ಪೈಪರಜಿನ್. ಅದು ಹುಳವನ್ನು ಮಂಕಾಗಿಸುತ್ತದೆ. ಕರುಳಿನ ಹಿಡಿತ ತಪ್ಪಿದ ಹುಳ ಹಿಕ್ಕೆಯ ಜೊತೆ ಇಡಿಯಾಗಿ ಹೊರಗೆ ಬರುತ್ತದೆ. ಬೆಂದ ಶಾವಿಗೆಯಂಥ, ಬೆರಳುದ್ದದ ಬಿಳಿ ಎಳೆಗಳು ಕಣ್ಣಿಗೆ ಬೀಳುವುದರಿಂದ ಔಷಧ ಚೆನ್ನಾಗಿ ಕೆಲಸ ಮಾಡಿತು ಅನ್ನಿಸುತ್ತದೆ. ಆದರೆ ಪೈಪರಜಿನ್ ತೆಗೆಯುವುದು ಬೆಳೆದ ದುಂಡುಹುಳವನ್ನು, ಅಂದರೆ ಅಸ್ಕರಿಡಿಯಾವನ್ನು ಮಾತ್ರ. ಕುರುಡುಕರುಳಿನಲ್ಲಿರುವ ಒಂದು ಸೆಂಟಿಮೀಟರಿನ ಹೆಟೆರಾಕಿಸ್ ಎಂಬ ಹುಳ ಹಾಗೇ ಉಳಿಯುತ್ತದೆ. ಫೆನ್‌ಬೆಂಡಜೋಲ್ ಎರಡಕ್ಕೂ ಆಗುತ್ತದೆ. ಇದು ಹುಳಕ್ಕೆ ಸಕ್ಕರೆ ದಕ್ಕದಂತೆ ಮಾಡಿ ನಿಧಾನಕ್ಕೆ ಕೊಲ್ಲುವುದರಿಂದ ಐದು ದಿನ ಬಿಡದೆ ಕೊಡಬೇಕು. ಹುಳ ಉದುರಿದ್ದು ಕಾಣಲಿಲ್ಲವೆಂದು ಮೂರನೇ ದಿನಕ್ಕೆ ನಿಲ್ಲಿಸಿದರೆ ಅರ್ಧ ಸತ್ತ ಹುಳ ಮತ್ತೆ ಚೇತರಿಸಿಕೊಳ್ಳುತ್ತದೆ.

ಪ್ರಮಾಣ ಹೀಗೆ: ಕೋಳಿಯ ತೂಕ ಕಿಲೋಗೆ 1 ಮಿಗ್ರಾಂ, ದಿನಕ್ಕೊಮ್ಮೆ, 5 ದಿನ. ಒಂದೂವರೆ ಕಿಲೋದ ಹೇಟೆಗೆ ಬಾಟಲಿಯ ಔಷಧ 0.06 ಮಿಲಿ ಸಾಕು. ಅಷ್ಟು ಸಣ್ಣ ಹನಿಯನ್ನು ಅಳೆಯಲು ಹೋದರೆ ಕೈ ತಪ್ಪುವುದು ಖಂಡಿತ. ಅದಕ್ಕೆ ಔಷಧ 1 ಮಿಲಿ, ಕುದಿಸಿ ಆರಿಸಿದ ನೀರು 4 ಮಿಲಿ ಬೆರೆಸಿಕೊಳ್ಳಬೇಕು. ಈಗ ಕಿಲೋಗೆ 0.2 ಮಿಲಿ ಲೆಕ್ಕ. ಒಂದೂವರೆ ಕಿಲೋದ ಊರಕೋಳಿಗೆ 0.3, ಮೂರು ಕಿಲೋದ ಗಿರಿರಾಜನಿಗೆ 0.6 ಮಿಲಿ. ಹನ್ನೆರಡೂ ಕೋಳಿಗೆ ದಿನಕ್ಕೆ 4.2 ಮಿಲಿ ಬೇಕು, 5 ಮಿಲಿ ಮಿಶ್ರಣದಲ್ಲಿ ಮುಗಿಯುತ್ತದೆ. ಉಳಿದದ್ದನ್ನು ನಾಳೆಗೆ ಇಡುವುದು ಬೇಡ. ಅಂಗಡಿಯವರು ಮಿಲಿಗೆ 100 ಮಿಗ್ರಾಂ ಇರುವ ಬಾಟಲಿ ಕೊಟ್ಟಿದ್ದರೆ 1 ಮಿಲಿಗೆ 19 ಮಿಲಿ ನೀರು. ಬಾಟಲಿ ಬದಲಾದಾಗಲೆಲ್ಲ ಚೀಟಿ ಓದಲೇಬೇಕು. ಬಣ್ಣ, ಗಾತ್ರ ಒಂದೇ ತೆರನಾಗಿದ್ದು ಒಳಗಿನ ಸಾಂದ್ರತೆ ನಾಲ್ಕು ಪಟ್ಟು ಇರಬಹುದು.

ಅಳೆಯಲು ಸೂಜಿ ತೆಗೆದ ಇನ್ಸುಲಿನ್ ಸಿರಿಂಜ್ ಅನುಕೂಲ, ಆದರೆ ಅದರಲ್ಲೂ ಒಂದು ಮೋಸವಿದೆ. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಮಿಲಿಗೆ 40 ಯೂನಿಟ್ಟಿನದೂ ಸಿಗುತ್ತದೆ, 100 ಯೂನಿಟ್ಟಿನದೂ ಸಿಗುತ್ತದೆ. 0.3 ಮಿಲಿ ಅಂದರೆ ಮೊದಲನೆಯದರಲ್ಲಿ 12ನೇ ಗೆರೆ, ಎರಡನೆಯದರಲ್ಲಿ 30ನೇ ಗೆರೆ. ಗೊಂದಲ ಬೇಡವೆಂದರೆ ಮಿಲಿ ಗುರುತಿರುವ 1 ಮಿಲಿಯ ಸಾದಾ ಸಿರಿಂಜ್ ಕೇಳಿ ತರಬೇಕು.

ಬಾಟಲಿಯನ್ನು ತಲೆಕೆಳಗೆ ಮಾಡಿ ಅರ್ಧ ನಿಮಿಷವಾದರೂ ಕುಲುಕಬೇಕು. ಈ ಔಷಧ ನೀರಿನಲ್ಲಿ ಕರಗುವುದಿಲ್ಲ, ಬಿಳಿ ಪುಡಿಯಾಗಿ ತಳಕ್ಕೆ ಕೂರುತ್ತದೆ. ಕುಲುಕದೆ ಬಳಸಿದರೆ ಮೊದಲ ಕೋಳಿಗಳಿಗೆ ಬರೀ ನೀರು, ಬಾಟಲಿ ಮುಗಿಯುವ ಹೊತ್ತಿಗೆ ಗಟ್ಟಿ ಔಷಧ. ಕುಡಿಯುವ ನೀರಿಗೆ ಬೆರೆಸಿ ಇಡುವುದೂ ಇದೇ ಕಾರಣಕ್ಕೆ ವ್ಯರ್ಥ. ಸಂಜೆ ಪಾತ್ರೆ ತೊಳೆಯುವಾಗ ತಳದಲ್ಲಿ ಬಿಳಿ ಕೆನೆ ಕಂಡರೆ ಔಷಧವೆಲ್ಲ ಅಲ್ಲೇ ಇದೆ ಎಂದರ್ಥ. ಮಳೆಗಾಲದಲ್ಲಂತೂ ಕೋಳಿಗಳು ಹಂಚಿನ ಕೆಳಗೆ ನಿಂತ ನೀರನ್ನೇ ಕುಡಿಯುತ್ತವೆ, ಇಟ್ಟ ಪಾತ್ರೆ ಮುಟ್ಟುವುದಿಲ್ಲ. ನುಚ್ಚಿನ ಅನ್ನಕ್ಕೆ ಕಲಸಿ ಹಾಕಿದರೆ ಜೋರಿನ ಕೋಳಿ ಎರಡು ಪಾಲು ತಿನ್ನುತ್ತದೆ, ಹುಳದಿಂದ ಸೊರಗಿ ಮೂಲೆಯಲ್ಲಿ ನಿಂತದ್ದಕ್ಕೆ ಏನೂ ಸಿಗುವುದಿಲ್ಲ. ಹನ್ನೆರಡು ಕೋಳಿಗೆ ಒಂದೊಂದಾಗಿ ಕೊಡುವುದೇ ಸರಿ. ಕತ್ತಲಾದ ಮೇಲೆ ಗೂಡಿನಿಂದ ಎತ್ತಿದರೆ ಗಲಾಟೆ ಇಲ್ಲ. ತೂಕಕ್ಕೆ ಬಟ್ಟೆ ಚೀಲದಲ್ಲಿ ಇಟ್ಟು ಕೊಕ್ಕೆ ತಕ್ಕಡಿಗೆ ನೇತುಹಾಕಿದರೆ ಆಯಿತು. ಔಷಧವನ್ನು ಗಂಟಲಿಗೆ ಚಿಮ್ಮಿಸಬಾರದು. ನಾಲಿಗೆಯ ಹಿಂದೆಯೇ ಉಸಿರುನಾಳದ ಬಾಯಿ ಇದೆ, ಅಲ್ಲಿಗೆ ಹೋದರೆ ಕೋಳಿ ಅಲ್ಲೇ ಒದ್ದಾಡುತ್ತದೆ. ಕೊಕ್ಕಿನ ಬದಿಯ ಸೀಳಿಗೆ ಹನಿ ತಾಗಿಸಿದರೆ ಅದೇ ಚಪ್ಪರಿಸಿ ನುಂಗುತ್ತದೆ.

ಇನ್ನು ಮೊಟ್ಟೆ. ಎಲ್ಲರೂ ಕೇಳುವುದು ಇದನ್ನೇ. ಹುಳ ಇರುವ ಕೋಳಿಯ ಮೊಟ್ಟೆ ತಿಂದರೆ ನಮಗೂ ಹುಳ ಆಗುತ್ತದೆ ಎಂಬ ಭಯ ಬೇಡ. ಅಸ್ಕರಿಡಿಯಾ ಗ್ಯಾಲಿ ಹಕ್ಕಿಗಳ ಹುಳ, ಮನುಷ್ಯರಲ್ಲಿ ಬೆಳೆಯುವುದಿಲ್ಲ. ಅಪರೂಪಕ್ಕೆ ಹುಳವೊಂದು ಗುದದ್ವಾರದ ಕಡೆಯಿಂದ ಅಂಡನಾಳಕ್ಕೆ ಹತ್ತಿ ಮೊಟ್ಟೆಯ ಬಿಳಿಯೊಳಗೇ ಸೇರಿಕೊಳ್ಳುವುದುಂಟು. ಒಡೆದಾಗ ಅಸಹ್ಯವಾಗುತ್ತದೆ, ಎಸೆದರೆ ಮುಗಿಯಿತು. ಯೋಚಿಸಬೇಕಾದ್ದು ಔಷಧದ ಅಂಶದ ಬಗ್ಗೆ. ಮೊಟ್ಟೆಯ ಬಿಳಿ ಒಂದೇ ದಿನದಲ್ಲಿ ಕೆಲವು ಗಂಟೆಗಳಲ್ಲಿ ತುಂಬುತ್ತದೆ. ಹಳದಿ ಹಾಗಲ್ಲ, ಸುಮಾರು ಹತ್ತು ದಿನ ಪದರ ಪದರವಾಗಿ ಬೆಳೆಯುತ್ತದೆ. ಇವತ್ತು ಕೊಟ್ಟ ಔಷಧ ಮುಂದಿನ ಹತ್ತು ದಿನದ ಮೊಟ್ಟೆಗಳ ಹಳದಿಯಲ್ಲಿ ಒಂದೊಂದು ಪದರವಾಗಿ ಉಳಿದಿರಬಹುದು. ಬೇಯಿಸಿದರೆ ಹೋಗುತ್ತದೆ ಅನ್ನುವುದು ತಪ್ಪು. ಈ ಗುಂಪಿನ ಔಷಧಗಳು ಅಡುಗೆಯ ಬಿಸಿಗೆ ಸುಲಭಕ್ಕೆ ಬಗ್ಗುವುದಿಲ್ಲ.

ಅಮೆರಿಕ ಮತ್ತು ಯುರೋಪಿನಲ್ಲಿ ಮೊಟ್ಟೆಕೋಳಿಗೆಂದೇ ಒಪ್ಪಿಗೆ ಪಡೆದ ಫೆನ್‌ಬೆಂಡಜೋಲ್ ಇದೆ, ನೀರಿನಲ್ಲಿ ಸಮನಾಗಿ ಬೆರೆಯುವಂಥದ್ದು. ಕಿಲೋಗೆ 1 ಮಿಗ್ರಾಂನಂತೆ 5 ದಿನ ಕೊಟ್ಟಾಗ ಅಲ್ಲಿ ಮೊಟ್ಟೆಗೆ ಶೂನ್ಯ ದಿನದ ತಡೆ, ಅಂದರೆ ಅದೇ ದಿನದ ಮೊಟ್ಟೆಯನ್ನೂ ತಿನ್ನಬಹುದು. ಔಷಧ ಇದೇ, ಪ್ರಮಾಣವೂ ಇದೇ ಎಂಬುದು ಸಮಾಧಾನದ ವಿಷಯ. ಆದರೂ ಆ ಮಾತು ಆ ತಯಾರಿಕೆಗೆ ಕೊಟ್ಟದ್ದು, ಆಡಿನ ಬಾಟಲಿಗಲ್ಲ. ಸಣ್ಣ ಸಿರಿಂಜಿನಲ್ಲಿ ಅಳೆಯುವಾಗ ಪ್ರಮಾಣ ಎರಡು ಪಟ್ಟಾಗುವುದು ಬಹಳ ಸುಲಭ. ಹೀಗಾಗಿ ಇಲ್ಲಿ ಪಾಲಿಸಿಕೊಂಡು ಬಂದ ಕ್ರಮ: ಔಷಧದ 5 ದಿನ, ಆಮೇಲೆ 14 ದಿನ, ಒಟ್ಟು 19 ದಿನದ ಮೊಟ್ಟೆ ತಿನ್ನುವುದಿಲ್ಲ, ಮಾರುವುದಿಲ್ಲ. ಹಳದಿಯ ಹತ್ತು ದಿನಕ್ಕೆ ನಾಲ್ಕು ದಿನ ಹೆಚ್ಚಿಗೆ ಸೇರಿಸಿದ ಲೆಕ್ಕ ಇದು. ಪಕ್ಕದ ಮನೆಯವರು ಮಗುವಿಗೆ ಬೇಕೆಂದು ಊರಮೊಟ್ಟೆ ಕೇಳಿಕೊಂಡು ಬಂದಾಗ ಇಲ್ಲ ಅನ್ನುವುದು ಕಷ್ಟ, ಆದರೆ ಅನ್ನಲೇಬೇಕು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ 19ನೇ ದಿನಕ್ಕೆ ಕೆಂಪು ಸುತ್ತು ಹಾಕಿಟ್ಟರೆ ಮರೆಯುವುದಿಲ್ಲ. ಆ ಮೊಟ್ಟೆಗಳನ್ನು ಒಡೆದು ಕೋಳಿಗೇ ಹಾಕಬಾರದು, ಔಷಧ ಮತ್ತೆ ಸುತ್ತು ಹೊಡೆಯುತ್ತದೆ. ಆಳವಾಗಿ ಹೂಳುವುದು ಲೇಸು.

ಆಲ್ಬೆಂಡಜೋಲ್ ಎಂಬ ಇನ್ನೊಂದು ಹುಳದ ಔಷಧ ಇನ್ನೂ ಸುಲಭವಾಗಿ ಸಿಗುತ್ತದೆ, ಆದರೆ ಅದು ಭ್ರೂಣಕ್ಕೆ ಕೆಡುಕು ಮಾಡಬಲ್ಲ ಔಷಧ. ಕಾವಿಗೆ ಇಡಲು ಮೊಟ್ಟೆ ಕೂಡಿಸುತ್ತಿರುವಾಗ ಬೇಡ. ದನಕ್ಕೆ ಚುಚ್ಚುವ ಐವರ್‌ಮೆಕ್ಟಿನ್ ಅನ್ನು ಕೋಳಿಗೆ ಹನಿ ಹಾಕುವವರಿದ್ದಾರೆ. ಅದು ಕೊಬ್ಬಿನಲ್ಲೂ ಹಳದಿಯಲ್ಲೂ ಸೇರಿಕೊಂಡು ಬೇಗ ಬಿಡುವುದಿಲ್ಲ, ಮೊಟ್ಟೆ ತಿನ್ನುವ ಮನೆಗೆ ಸಲ್ಲದು. ಇನ್ನು ಅಡಿಕೆಯ ಮಾತು. ಅದರಲ್ಲಿರುವ ಅರೆಕೋಲಿನ್ ಎಂಬ ಅಂಶ ಹಿಂದೆ ನಾಯಿಗಳ ಲಾಡಿಹುಳಕ್ಕೆ ಔಷಧವಾಗಿತ್ತು ಎಂಬುದು ನಿಜ. ಆದರೆ ಒಂದು ಹೋಳಿನಲ್ಲಿ ಅದು ಎಷ್ಟಿದೆ ಎಂದು ಅಳೆಯುವ ದಾರಿ ಮನೆಯಲ್ಲಿಲ್ಲ, ಸ್ವಲ್ಪ ಹೆಚ್ಚಾದರೆ ಅದೇ ವಿಷ.

ಫೆನ್‌ಬೆಂಡಜೋಲ್ ಈ ಪ್ರಮಾಣದಲ್ಲಿ ಲಾಡಿಹುಳಕ್ಕೆ ಆಗುವುದಿಲ್ಲ. ಹಿಕ್ಕೆಯ ಮೇಲೆ ಅಕ್ಕಿಕಾಳಿನಂಥ ಬಿಳಿ ತುಣುಕು ಕಂಡರೆ ಬೇರೆ ಔಷಧ ಬೇಕು, ವೈದ್ಯರನ್ನೇ ಕೇಳಬೇಕು. ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ಹೆಚ್ಚಾಗಿ ಕಾಕ್ಸಿಡಿಯೋಸಿಸ್ ಎಂಬ ಬೇರೆಯೇ ಕರುಳಿನ ರೋಗ, ಹುಳದ ಔಷಧ ಕೊಟ್ಟು ಕಾಯುತ್ತ ಕೂತರೆ ಮರಿಗಳು ಸಾಯುತ್ತವೆ. ಜುಟ್ಟು ಬಿಳಿಚಿಕೊಂಡು, ಎದೆಯ ಮೂಳೆ ಚಾಕುವಿನ ಅಂಚಿನಂತೆ ಕೈಗೆ ಸಿಕ್ಕರೆ ಹುಳದ ಅನುಮಾನ ಪಡಬಹುದು. ಆಗ ಬೆಳಗಿನ ಹೊಸ ಹಿಕ್ಕೆಯನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಬೇಕು.

ಔಷಧದ ಫಲ ಎಷ್ಟು ದಿನ ತಾಳುತ್ತದೆ ಎಂಬುದನ್ನು ನೆಲ ಹೇಳುತ್ತದೆ. ಹಿಕ್ಕೆಯಲ್ಲಿ ಬಿದ್ದ ಹುಳದ ತತ್ತಿ ಬೆಚ್ಚಗಿನ ಒದ್ದೆ ಮಣ್ಣಿನಲ್ಲಿ ಎರಡು ವಾರದ ಆಸುಪಾಸು ಸೋಂಕಿಗೆ ಸಿದ್ಧವಾಗುತ್ತದೆ. ಕೋಳಿಯ ಹೊಟ್ಟೆ ಸೇರಿದರೆ ಐದರಿಂದ ಎಂಟು ವಾರದಲ್ಲಿ ಅದೇ ತತ್ತಿ ಇಡುವ ಹುಳ. ಎರೆಹುಳ ತಿಂದರೂ ದಾಟುತ್ತದೆ. ಕಾರವಾರ, ಅಂಕೋಲೆಯ ಮರಳು ಹಿತ್ತಿಲು ಮಳೆ ಬಿಟ್ಟ ತಕ್ಷಣ ಆರುತ್ತದೆ. ಘಟ್ಟದ ಮೇಲೆ ಅಡಿಕೆ ಮರದ ನೆರಳು, ತರಗೆಲೆ, ಗೊಬ್ಬರಗುಂಡಿ, ಬಿಸಿಲೇ ತಾಗದ ಕೆಂಪು ಮಣ್ಣು. ಸುಣ್ಣ ಎರಚಿದರೆ ನೆಲ ಒಣಗಲು ಸ್ವಲ್ಪ ನೆರವಾದೀತು, ತತ್ತಿಯ ದಪ್ಪ ಕವಚದ ವಿಷಯದಲ್ಲಿ ಅದನ್ನೇ ನಂಬಿ ಕೂರಲಾಗದು. ಆದ್ದರಿಂದ ಇಲ್ಲಿ ಮೃಗಶಿರ ಮಳೆಗೆ ಮೊದಲು ಮೇ ಕೊನೆಯಲ್ಲಿ ಒಮ್ಮೆ, ಮಳೆ ತಗ್ಗಿದ ಮೇಲೆ ಅಕ್ಟೋಬರಿನಲ್ಲಿ ಒಮ್ಮೆ. ಆಗಸ್ಟಿನಲ್ಲಿ ಹಿಕ್ಕೆ ಪರೀಕ್ಷೆ ಮಾತ್ರ, ಹುಳ ಕಂಡರಷ್ಟೇ ಔಷಧ. ಐದನೇ ದಿನದ ಮರುದಿನ ಬೆಳಿಗ್ಗೆ ಗೂಡಿನ ಉಮಿ ಪೂರ್ತಿ ತೆಗೆದು, ಕೋಳಿ ಕೆದಕದಂತೆ ಮುಚ್ಚಿದ ಗುಂಡಿಗೆ ಹಾಕಿ, ಹೊಸ ಉಮಿ ನಾಲ್ಕು ಬೆರಳು ದಪ್ಪಕ್ಕೆ ಹರಡಬೇಕು. ಈ ಒಂದು ಕೆಲಸ ಬಿಟ್ಟ ವರ್ಷ ಮೇ ತಿಂಗಳ ಔಷಧ ಆಗಸ್ಟಿನ ಪರೀಕ್ಷೆಯ ತನಕವೂ ತಾಳಲಿಲ್ಲ.